ಹಂಪವ್ವನ ಮಟ್ಟ

ಕೇಳ್ರಪ್ಪಾ. ಇದು ಯಾವ ವರ್ಷದ್ದು ಅಂತ ಹೇಳುವವರು ಯಾರೂ ಉಳಿದಿಲ್ಲ. ಬಹಳ ಹಿಂದೆ, ಗುಡ್ಡದ ಬುಡದಲ್ಲಿ ಒಂದು ಊರಿತ್ತು. ಆ ಊರಲ್ಲಿ ಹಂಪವ್ವ ಅಂತ ಒಬ್ಬಳಿದ್ದಳು. ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವಳ ಕಸುಬು. ಸೋರುವ ಕೊಡ ಅವಳ ಕೈಗೆ ಬಂದರೆ, ತೂತು ಎಲ್ಲಿದೆ ಅಂತ ಕೊಡವೇ ಹೇಳುತ್ತಿತ್ತಂತೆ.

ಊರಿಗೆಲ್ಲ ಇದ್ದದ್ದು ಒಂದೇ ಮೋಟಾರ್ ಸೈಕಲ್ಲು, ಸಂಗಪ್ಪ ಮಾಸ್ತರದ್ದು. ಬಸ್ಸಿರಲಿಲ್ಲ. ಆಸ್ಪತ್ರೆಗೆ ಹೋಗಬೇಕಾದರೆ ಗುಡ್ಡದ ಏರು ಹತ್ತಿ ಆಚೆ ಪೇಟೆಗೆ ಇಳಿಯಬೇಕು.

ಒಂದು ಸಲ ನೇಕಾರ ಈರಣ್ಣನ ಮಗಳು ರತ್ನಿಗೆ ಹುಚ್ಚುನಾಯಿ ಕಚ್ಚಿತು. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ, ದಿನಕ್ಕೊಂದು, ಒಂದು ದಿನವೂ ತಪ್ಪಿಸಬಾರದು ಅಂದರಂತೆ ಡಾಕ್ಟರು. ಮಾಸ್ತರು ದಿನಾ ತಂದೆ ಮಗಳನ್ನು ಕೂರಿಸಿಕೊಂಡು ಹೋಗಿಬಂದರು. ಎಂಟು ದಿನ ಸುಸೂತ್ರವಾಯಿತು. ಒಂಬತ್ತನೆಯ ಬೆಳಿಗ್ಗೆ ನೋಡಿದರೆ ಪೆಟ್ರೋಲು ಸೋರಿ ಗಾಡಿಯ ಕೆಳಗೆಲ್ಲ ಒದ್ದೆ. ಕಿಕ್ ಹೊಡೆದರೆ ಕಪ್ಪು ಹೊಗೆ ಉಗುಳಿ ಆರಿಹೋಗುತ್ತಿತ್ತು.

ಮಾಸ್ತರು ಮನೆಯಂಗಳದಲ್ಲೇ ಇಂಜಿನ್ನಿಗೆ ಪೆಟ್ರೋಲು ಅಳೆದು ಕೊಡುವ ಕಾರ್ಬೊರೇಟರ್ ಬಿಚ್ಚಿದರು. ಅದರ ಬಟ್ಟಲಿನಲ್ಲಿ ಹಿತ್ತಾಳೆಯ ಟೊಳ್ಳು ಫ್ಲೋಟು ಇರುತ್ತದೆ. ಪೆಟ್ರೋಲು ತುಂಬಿದ ಹಾಗೆ ಅದು ತೇಲಿ ಮೇಲೆದ್ದು, ಮುಳ್ಳಿನಂಥ ಒಂದು ಕಡ್ಡಿಯನ್ನು ಒತ್ತಿ ಪೆಟ್ರೋಲಿನ ದಾರಿ ಮುಚ್ಚಬೇಕು. ಅವತ್ತು ಅದು ಮುಳುಗಿ ಕೂತಿತ್ತು. ಅಲ್ಲಾಡಿಸಿದರೆ ಒಳಗೆ ಗುಳುಗುಳು ಸದ್ದು. ತೂತು ಮಾತ್ರ ಕಣ್ಣಿಗೆ ಬೀಳಲಿಲ್ಲ. ಹೊಸದು ತರಬೇಕೆಂದರೂ ಪೇಟೆಗೇ ಹೋಗಬೇಕು. ಈರಣ್ಣ ಮಗಳನ್ನು ಹೆಗಲಿಗೇರಿಸಿಕೊಂಡ. ನಡೆದು ಹೋದರೆ ಆಸ್ಪತ್ರೆ ಮುಚ್ಚುವುದರೊಳಗೆ ಮುಟ್ಟುವ ಹಾಗಿರಲಿಲ್ಲ.

ಅಷ್ಟರಲ್ಲಿ ಹಂಪವ್ವ ಬಂದಳಂತೆ.

"ಹಿತ್ತಾಳಿ ಐತಿ ಅಂದಮ್ಯಾಲ ನನ್ನ ಕೈಗೆ ಕೊಡ್ರಿ ಮಾಸ್ತರ," ಅಂದಳಂತೆ.

ಬಿಸಿನೀರಲ್ಲಿ ಫ್ಲೋಟನ್ನು ಮುಳುಗಿಸಿದಳು. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದೇ ಕಡೆಯಿಂದ ಎದ್ದವು. ಒಳಗಿನ ಪೆಟ್ರೋಲೆಲ್ಲ ಹೋಗುವ ತನಕ ನೀರು ಬದಲಿಸುತ್ತ ಕೂತಳು. ಆಮೇಲೆ ಹಿತ್ತಲಿಗೆ ಹೋಗಿ, ಗಾಡಿಯಿಂದ ದೂರದಲ್ಲಿ ಬೆಂಕಿ ಮಾಡಿ, ಒಂದು ಹನಿ ತವರದಿಂದ ತೂತು ಮುಚ್ಚಿದಳು.

ಮಾಸ್ತರು ಅವಸರದಿಂದ ಜೋಡಿಸಿ ಹೊರಡಲು ನೋಡಿದರು. ಅವಳು ಬಿಡಲಿಲ್ಲ. ತವರ ಕೂತ ಮೇಲೆ ಫ್ಲೋಟಿನ ತೂಕ ಬೇರೆ, ತೇಲುವ ಮಟ್ಟವೂ ಬೇರೆ ಅಂದಳಂತೆ. ಊರಲ್ಲಿ ಹೆರಿಗೆ ಮಾಡಿಸುತ್ತಿದ್ದ ನರ್ಸಮ್ಮನ ಮನೆಯಿಂದ, ಒಳಗಿನದು ಹೊರಗೆ ಕಾಣುವಂಥ ಸಲೈನಿನ ನಳಿಗೆ ತರಿಸಿದರು. ಅದನ್ನು ಬಟ್ಟಲಿನ ತಳಕ್ಕೆ ಸಿಕ್ಕಿಸಿ ಮೇಲೆತ್ತಿ ಹಿಡಿದಾಗ ಒಳಗಿನ ಮಟ್ಟ ನಳಿಗೆಯಲ್ಲಿ ಕಂಡಿತು. ಬಟ್ಟಲಿನ ಅಂಚಿಗಿಂತ ಕಡಲೆಕಾಳಿನಷ್ಟು ಕೆಳಗಿರಬೇಕು ಅಂತ ಮಾಸ್ತರು ಗಾಡಿಯ ಪುಸ್ತಕ ನೋಡಿ ಹೇಳಿದರು. ಪೆಟ್ರೋಲು ಅಂಚಿಗೇ ಬಂದು ನಿಂತಿತ್ತು. ಹಂಪವ್ವ ಮತ್ತೆ ಬಿಚ್ಚಿ, ಆ ಕಡ್ಡಿಯನ್ನು ಒತ್ತುವ ಫ್ಲೋಟಿನ ಪುಟ್ಟ ನಾಲಿಗೆಯನ್ನು ಬಗ್ಗಿಸಿದಳು. ಈಗ ಮಟ್ಟ ತೀರಾ ಇಳಿಯಿತು. ಸೋರುವುದು ನಿಂತಿತಲ್ಲ, ಹೊರಡೋಣ ಅಂದ ಈರಣ್ಣ.

"ಸೋರೂದಿಲ್ಲ ಖರೆ. ಆದರ ಏರಿನಾಗ ಪೆಟ್ರೋಲ್ ಸಾಲದೆ ಉಸಿರು ಕಟ್ಟತೈತಿ. ತಡಿ ತಮ್ಮಾ," ಅಂದಳಂತೆ ಹಂಪವ್ವ.

ಏಳು ಸಲ ಬಿಚ್ಚಿದಳು ಅಂತಾರೆ. ಇಪ್ಪತ್ತೊಂದು ಸಲ ಅಂತಾನೂ ಅಂತಾರೆ. ಮಾಸ್ತರು ಹೇಳುತ್ತಿದ್ದದ್ದು ಮೂರೇ ಸಲ.

ಕಡೆಗೆ ಮಟ್ಟ ಅಂಚಿಗಿಂತ ಕಡಲೆಕಾಳಿನಷ್ಟೇ ಕೆಳಗೆ ನಿಂತಿತು. ಗಾಡಿ ಹೊರಟಿತು. ಹಂಪವ್ವ ಊರ ಅಂಚಿನ ತನಕ ಹಿಂದೆಯೇ ನಡೆದು, ಅಲ್ಲೇ ನಿಂತು ಕಿವಿಗೊಟ್ಟಳು. ಸದ್ದು ಮೊದಲನೆಯ ತಿರುವು ದಾಟಿತು. ಎರಡನೆಯದು ದಾಟಿತು. ಏರಿನ ನೆತ್ತಿಯಲ್ಲಿ ಸ್ವಲ್ಪ ದಪ್ಪಗಾಯಿತು, ಕಡಿಯಲಿಲ್ಲ. ಆಮೇಲೆ ಹಗುರಾಗಿ ಆಚೆ ಇಳಿಯಿತು. ಅವಳು ಅಲ್ಲೇ ಕಲ್ಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಬೆಳಿಗ್ಗೆಯಿಂದ ಒಂದು ಗುಟುಕು ನೀರನ್ನೂ ಕುಡಿದಿಲ್ಲ ಅಂತ ಆಗ ನೆನಪಾಗಿ, ಒಬ್ಬಳೇ ನಕ್ಕಳಂತೆ.

ಸೂಜಿ ತಪ್ಪಲಿಲ್ಲ. ಹದಿನಾಲ್ಕೂ ಮುಗಿದವು. ರತ್ನಿ ಬೆಳೆದು, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡಳು.

ಈಗ ಆ ಊರಲ್ಲಿ ಮನೆಗೊಂದು ಗಾಡಿ. ಏರಿನ ಬುಡದಲ್ಲಿ ಎಲ್ಲರೂ ಒಂದು ಗಳಿಗೆ ನಿಲ್ಲುತ್ತಾರೆ. ಬಗ್ಗಿ, ಇಂಜಿನ್ನಿನ ಕೆಳಗೆ ಅಂಗೈ ಹಿಡಿಯುತ್ತಾರೆ. ಕೈ ಒಣಗಿದ್ದರೆ "ಹಂಪವ್ವನ ಮಟ್ಟ ಐತಿ" ಅಂದು ಹತ್ತುತ್ತಾರೆ. ಹೊಸ ಗಾಡಿಗಳಲ್ಲಿ ಆ ಬಟ್ಟಲೂ ಇಲ್ಲ, ಫ್ಲೋಟೂ ಇಲ್ಲ. ಆದರೂ ಕೈ ಹಿಡಿಯುತ್ತಾರೆ.