‘ಇಲ್ಲ’ ಎನ್ನಲು ಬಾರದ ಭಾಷೆ

“ಅತಿಥಿ ಯಾವ ಭಾಷೆ ಆಡಿದರೆ ಆ ಭಾಷೆಯಲ್ಲೇ ಉತ್ತರ ಕೊಡುವ ದೊರೆ ಈ ಭೂಮಿಯ ಮೇಲೆ ನಾನೊಬ್ಬನೇ!” ಎಂದು ರಾಜ ವೀರಮಲ್ಲ ತುಂಬಿದ ಸಭೆಯಲ್ಲಿ ತೊಡೆ ತಟ್ಟಿದ. ಆ ಮಾತೇ ಅವನ ಕೊರಳಿಗೆ ಉರುಳಾಯಿತು.

ಬಂದಿದ್ದವನು ಟಿಂಬಾ ದ್ವೀಪದ ದೂತ ಓಬುಲೊ. ಅವನ ಮೀಸೆ ಹೊಕ್ಕುಳಿನವರೆಗೆ ಇಳಿದಿತ್ತು. ಅವನ ಭಾಷೆಯನ್ನು ಇಡೀ ಆಸ್ಥಾನ ತಿಣುಕಿ ತಿಣುಕಿ ಕಲಿತಿತ್ತು. ಅದರಲ್ಲಿ ‘ಗುಬೊ’ ಎಂದರೆ ಹೂಂ. ‘ಇಲ್ಲ’ ಎನ್ನಲು ಮಾತೇ ಇಲ್ಲ! ಗುಬೊ ಎಂದಮೇಲೆ ನಡೆಸಿಕೊಡಲೇಬೇಕು. ಹಾಗಾಗಿ ಆ ದ್ವೀಪದಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳುವುದಿಲ್ಲ. ಕೇಳುವ ಚಪಲ ಹತ್ತಿದವರು ದೋಣಿ ಏರಿ ಪರದೇಶಕ್ಕೆ ಬರುತ್ತಾರೆ.

ಓಬುಲೊ ಬೆಳ್ಳಿ ಪಲ್ಲಕ್ಕಿ ಕೇಳಿದ. ರಾಜ “ಗುಬೊ” ಎಂದ. ಪಟ್ಟದ ಕುದುರೆ ಕೇಳಿದ. ರಾಜ ಹಲ್ಲು ಕಚ್ಚಿ “ಗುಬೊ” ಎಂದ. ಆಮೇಲೆ ಆಸಾಮಿ ವಿದೂಷಕ ದುಗ್ಗಪ್ಪನ ಕಡೆ ಬೆರಳು ಮಾಡಿದ.

“ಇವನನ್ನೂ ಕೊಡಿ. ದೋಣಿಗೆ ಹುಟ್ಟು ಹಾಕಲು ಗಟ್ಟಿ ಆಳು ಬೇಕು.”

ದುಗ್ಗಪ್ಪನ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು. ಹೋದರೆ ತಿರುಗಿ ಬರುವ ಮಾತಿಲ್ಲ. ಆದರೆ ಹುಣಸೇಕಟ್ಟೆ ಊರಲ್ಲಿ ಹುಟ್ಟಿದ ಗಂಡು ಹೆದರಿದ್ದನ್ನು ತೋರಿಸುತ್ತಾನೆಯೇ? ರಾಜ ಬಾಯಿ ತೆರೆಯುವ ಮೊದಲೇ ಮುಂದೆ ನುಗ್ಗಿ, ದ್ವೀಪದ ಭಾಷೆಯಲ್ಲೇ ಶುರು ಹಚ್ಚಿದ.

“ಓಬುಲೊ ಮಾವ, ದೋಣಿಯಲ್ಲಿ ನಾನು ಕಾಲು ಚಾಚಿ ಮಲಗ್ತೀನಿ. ಹುಟ್ಟು ನೀವೇ ಹಾಕ್ತೀರಾ?”

ಓಬುಲೊ ಪಿಳಿಪಿಳಿ ಕಣ್ಣು ಬಿಟ್ಟ. ಬೇರೆ ಉತ್ತರವೆಲ್ಲಿದೆ?

“ಗು... ಬೊ.”

“ನಿಮ್ಮ ಮನೆ, ಮನೆ ಸೇರುವ ವಸ್ತು, ಎಲ್ಲ ನನಗೆ. ನೀವು ಕೊಟ್ಟಿಗೆಯಲ್ಲಿ ಮಲಗಬೇಕು. ಆಗಬಹುದಾ?”

“ಗುಬೊ.”

“ಭೇಷ್! ಹೊರಡೋ ಮುಂಚೆ ಈ ಮೀಸೆ ಬೋಳಿಸಿಕೊಳ್ತೀರಾ?”

ಓಬುಲೊ ಎರಡೂ ಕೈಯಲ್ಲಿ ಮೀಸೆ ಹಿಡಿದುಕೊಂಡು, ಸಂತೆಯಲ್ಲಿ ಕೇಳಿ ಕಲಿತ ಅಚ್ಚ ಕನ್ನಡದಲ್ಲಿ ಚೀರಿದ: “ಇಲ್ಲ! ಆಗೋದೇ ಇಲ್ಲ!”

ದುಗ್ಗಪ್ಪ ರಾಜನಿಗೆ ಕೈಮುಗಿದ. “ಪ್ರಭು, ಅತಿಥಿಗಳು ಕನ್ನಡಕ್ಕೆ ಬಂದರು. ಇನ್ನು ತಾವೂ ಕನ್ನಡದಲ್ಲೇ ಹೇಳಬಹುದು. ನನ್ನನ್ನು ಕೊಡ್ತೀರಾ?”

“ಕೊಡೊಲ್ಲ ಹೋಗಯ್ಯ!” ಎಂದು ರಾಜ ಸಿಂಹಾಸನದಿಂದ ಜಾರುವಷ್ಟು ನಕ್ಕ. ನಗು ನಿಂತಮೇಲೆ ಮುಖ ಸಪ್ಪಗಾಯಿತು. “ಆದರೆ ನನ್ನ ಪಲ್ಲಕ್ಕಿ, ಕುದುರೆ ಹೋದವಲ್ಲೋ ದುಗ್ಗಪ್ಪ!”

“ಹೋಗಲಿ ಬಿಡಿ ಪ್ರಭು. ಅವು ಹೋಗಿ ಸೇರುವ ಮನೆ ಈಗ ಯಾರದು ಅಂತ ಮಾವನನ್ನೇ ಕೇಳಿ!”