ಹೆಬ್ಬಾವಿನ ಅಪ್ಪುಗೆ

ಒಂದು ಕಾಡಿನಲ್ಲಿ ಕಥೆ ಹೇಳಿಯೇ ಹೊಟ್ಟೆ ತುಂಬಿಸಿಕೊಳ್ಳುವ ನರಿಯೊಂದಿತ್ತು. ಬೇಟೆಗೆ ಹೋಗಲು ಅದಕ್ಕೆ ಸೋಮಾರಿತನ. ಯಾರಾದರೂ ಬೋರೆಹಣ್ಣು ತಂದರೆ ಸಾಕು, ಶುರು ಹಚ್ಚಿಕೊಳ್ಳುತ್ತಿತ್ತು.

"ಹೆಬ್ಬಾವು ಮೊಲದ ಹುಡುಗಿಯನ್ನು ಬಿಗಿಯಾಗಿ ಅಪ್ಪಿಕೊಂಡಿತು. ನೀನು ನನ್ನವಳು, ಬೇರೆ ಯಾರ ಜೊತೆಗೂ ಆಡಬೇಡ ಎಂದಿತು. ಹುಡುಗಿ ಖುಷಿ ತಡೆಯಲಾಗದೆ ಹಿಂಗಾಲಿನಿಂದ ನೆಲ ಬಡಿದಳು, ದಬ್ ದಬ್!"

ಮೊಲಗಳು ಕಾಲು ಬಡಿಯುವುದು ಅಪಾಯ ಬಂದಾಗ. ನರಿಗೂ ಅದು ಗೊತ್ತಿತ್ತು. ಆದರೆ ಖುಷಿಗೆ ಬಡಿದಳು ಅಂದರೆ ಹಣ್ಣು ಜಾಸ್ತಿ ಬೀಳುತ್ತಿತ್ತು. ಮೊಲಗಳೆಲ್ಲ "ಆಹಾ!" ಎಂದು ಕಣ್ಣೊರೆಸಿಕೊಳ್ಳುತ್ತಿದ್ದವು. ಮುಳ್ಳುಹಂದಿ ಅಜ್ಜ ಮಾತ್ರ ಕಥೆ ಶುರುವಾಗುವ ಮೊದಲೇ ಗೊರಕೆ ಹೊಡೆಯುತ್ತಿದ್ದ.

ಕುಪ್ಪಿ ಎಂಬ ಎಳೆಯ ಮೊಲ ಆ ಕಥೆಯನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಒಂದು ದಿನ ಪೊದೆಯ ಹತ್ತಿರ ಅವಳಿಗೆ ನಿಜವಾದ ಹೆಬ್ಬಾವೇ ಸಿಕ್ಕಿತು. ಅದೂ ಪೊದೆಯೊಳಗೆ ಮಲಗಿ ಕಥೆ ಕೇಳಿಸಿಕೊಂಡಿತ್ತು.

"ಗೆಳತಿಯರನ್ನೆಲ್ಲ ಬಿಟ್ಟು ಬಾ. ನೀನು ನನ್ನವಳು," ಎಂದಿತು.

ಕುಪ್ಪಿಯ ಎದೆ ಹಿಗ್ಗಿತು. ತಾನಾಗಿಯೇ ಹೋಗಿ ಸುರುಳಿಯ ನಡುವೆ ಕೂತಳು. ಮೊದಲು ಹಿತವಾಗಿಯೇ ಇತ್ತು. ಆಮೇಲೆ ಉಸಿರು ಬಿಟ್ಟಷ್ಟೂ ಸುರುಳಿ ಬಿಗಿಯಿತು.

"ಉಸಿರು ಕಟ್ತಿದೆ, ಬಿಡು!"

"ಕಥೇಲಿ ಹುಡುಗಿ ಹೀಗೆಲ್ಲ ಅನ್ನಲ್ಲ. ಸುಮ್ನಿರು."

ಕುಪ್ಪಿ ನೆಲ ಬಡಿದಳು. ದಬ್ ದಬ್!

ಆಚೆ ಮೇಯುತ್ತಿದ್ದ ಕುಪ್ಪಿಯ ಅಕ್ಕಂದಿರು ಕಿವಿ ನಿಮಿರಿಸಿದರು. "ಕೇಳ್ರೇ, ಯಾವಳಿಗೋ ಪ್ರೀತಿ ಸಿಕ್ಕಿದೆ! ಪುಣ್ಯವಂತೆ ಕಣೇ!" ಎಂದು ನಿಟ್ಟುಸಿರಿಟ್ಟು ಮತ್ತೆ ಹುಲ್ಲಿಗೆ ಬಾಯಿ ಹಾಕಿದರು. ಆ ಮಾತು ಕುಪ್ಪಿಗೆ ಕೇಳಿಸಿತು. ಕೂಗಲು ಉಸಿರೇ ಇರಲಿಲ್ಲ.

ಸದ್ದಿಗೆ ಮುಳ್ಳುಹಂದಿ ಅಜ್ಜನಿಗೆ ಎಚ್ಚರವಾಯಿತು. ಕಥೆ ಕೇಳದ ಅವನ ಕಿವಿಗೆ ಅದು ಇನ್ನೂ ಅಪಾಯದ ಸದ್ದೇ. ಓಡಿ ಬಂದವನೇ ಮುಳ್ಳು ಕೆದರಿ ಹಿಮ್ಮುಖವಾಗಿ ಹೆಬ್ಬಾವಿನ ಮೇಲೆ ನುಗ್ಗಿದ. ಹೆಬ್ಬಾವು ಬುಸುಗುಟ್ಟುತ್ತಾ ಸುರುಳಿ ಸಡಿಲಿಸಿ ಜಾರಿಕೊಂಡಿತು.

ಹಸಿದ ಹೆಬ್ಬಾವಿಗೆ ದಾರಿಯಲ್ಲಿ ಸಿಕ್ಕಿದ್ದು ಹಣ್ಣು ತಿಂದು ಕೊಬ್ಬಿ ಮಲಗಿದ್ದ ನರಿ.

"ನನ್ನ ಎಷ್ಟು ಚೆನ್ನಾಗಿ ಹೊಗಳ್ತೀಯ ಮಾರಾಯ! ಬಾ, ನಿನ್ನನ್ನೂ ಅಪ್ಕೋತೀನಿ."

ನರಿ ನಾಲ್ಕೂ ಕಾಲು ಬಡಿಯಿತು. ದಬ್ ದಬ್!

"ಆಹಾ, ಇನ್ನೊಬ್ಬಳು!" ಎಂದರು ಅಕ್ಕಂದಿರು.

"ಅದು ಖುಷಿಯಲ್ಲ ಕಣ್ರೇ!" ಕುಪ್ಪಿ ನೋಯುವ ಪಕ್ಕೆ ಹಿಡಿದುಕೊಂಡು ಚೀರಿದಳು. "ನಾನೂ ಹಾಗೇ ಬಡಿದೆ!"

ಅವರು ನಂಬಿ ಓಡಿ ಬರುವಷ್ಟರಲ್ಲಿ ಸದ್ದು ನಿಂತುಹೋಗಿತ್ತು.

ನೀತಿ: ಉಸಿರು ಕಟ್ಟಿಸುವುದನ್ನು ಪ್ರೀತಿ ಎಂದು ಕಥೆ ಕಟ್ಟಬಾರದು, ಕೇಳಿದರೂ ನಂಬಬಾರದು, ನಂಬಿದವರಿಗೆ 'ಕಾಪಾಡಿ' ಎಂಬ ಕೂಗೂ ಖುಷಿಯಂತೆ ಕೇಳಿಸುತ್ತದೆ.