ಚಿಕ್ಕೀರ ಕುಡಿಕೆ ಕಲಿತದ್ದು

ನಗೋರು ಮುಂದೆ ಕೂತ್ಕೊಳ್ಳಿ, ಅನುಮಾನದೋರು ಹಿಂದೆ ಕೂತ್ಕೊಳ್ಳಿ. ಹೊಂಬಾಳಮ್ಮ ಇದ್ದಿದ್ರೆ ಕೊಟ್ಟಕೊನೇಲಿ ಕೂರ್ತಿದ್ಲು. ಹಾಲು ಬೆಳ್ಳಗಿದ್ರೆ ಸುಣ್ಣ ಹಾಕವ್ರೆ ಅನ್ನೋಳು. ಯಾರಾದ್ರೂ ನಕ್ಕರೆ ಯಾಕೆ ನಕ್ಕರು ಅನ್ನೋಳು. ಅವಳಿಗೆ ಒಬ್ಬನೇ ಮಗ, ಚಿಕ್ಕೀರ. ಮೂವತ್ತು ದಾಟಿತ್ತು, ಬುದ್ಧಿ ಮಾತ್ರ ಇನ್ನೂ ಅಂಬೆಗಾಲಿಡ್ತಿತ್ತು.

ಒಂದೂ ಹೆಣ್ಣು ಕುದುರಲಿಲ್ಲ. ಕೊನೆಗೆ ಮಂಚೇಗೌಡ ಅನ್ನೋನು ಹೇಳಿ ಕಳಿಸಿದ: "ಕೈಕೆಲಸ ಬರೋ ಗಂಡಿಗೇ ನನ್ನ ಮಗಳು. ಹುಡುಗ ತಾನೇ ಮಾಡಿದ ಕುಡಿಕೇಲಿ ನೀರು ಕೊಡಲಿ, ಆಮೇಲೆ ಮಾತು."

"ಇದರಲ್ಲಿ ಏನೋ ಮಸಲತ್ತೈತೆ!" ಅಂದ್ಲು ಹೊಂಬಾಳಮ್ಮ. ಆದ್ರೂ ಮಗ ಕುಡಿಕೆ ಮಾಡೋದು ಕಲೀಲಿ ಅಂತ ಒಪ್ಕೊಂಡ್ಲು. ತಾನು ಕಣ್ಮುಚ್ಚಿದ್ರೆ ಇವನಿಗೆ ಗಂಜಿ ಕಾಯಿಸೋರು ಯಾರು?

ಕುಂಬಾರ ಕೇರೀಲಿ ಸಣ್ಣತಾಯಕ್ಕ ದೊಡ್ಡೋರಿಗೂ ಮಡಕೆ ಮಾಡೋದು ಕಲಿಸ್ತಿದ್ಲು, ಅದೂ ಪುಕ್ಕಟೆ.

"ಪುಕ್ಕಟೆ ಯಾಕೋ? ಹುಷಾರು! ಕೈಗೆ ಸಿಕ್ಕಿದ್ದನ್ನ ಬಿಗಿಯಾಗಿ ಹಿಡ್ಕೋ, ಬಿಡಬೇಡ!" ಅಂತ ಹೇಳಿ ಹೊಂಬಾಳಮ್ಮ ಮಗನ್ನ ಅಲ್ಲಿಗೆ ಕಳಿಸಿದ್ಲು.

"ಆಯ್ತಮ್ಮ, ಬಿಡಲ್ಲ."

ಒಂದು ಗೆರೆ ನೆಟ್ಟಗೆ ಎಳೆದೋನಲ್ಲ, ತಿಗರಿ ಮುಂದೆ ಕೂತ. ತಿಗರಿ ಗರಗರ ತಿರುಗ್ತು. ಎಲ್ಲರ ಮಣ್ಣೂ ಮೇಲೆದ್ದಿತು. ಇವನ ಮಣ್ಣು ಬೆರಳ ಸಂದೀಲಿ ಪಿಚಕ್ ಅಂತ ಹೊರಗೆ ಬಂತು.

"ಬಿಡಯ್ಯಾ!" ಅಂದ್ಲು ಸಣ್ಣತಾಯಕ್ಕ.

"ಬಿಡಲ್ಲ!"

"ಅದು ಮಣ್ಣು ಕಣಯ್ಯಾ!"

"ಅದಕ್ಕೇ ಬಿಡಲ್ಲ! ನೀವು ಕದ್ದುಬಿಟ್ರೆ?"

ಆ ಮುದ್ದೇನ ಹಿಡ್ಕೊಂಡೇ ಮನೆಗೆ ಬಂದ, ಹಿಡ್ಕೊಂಡೇ ಮಲಗಿದ. ಬೆಳಗಾದ ಮೇಲೆ ಕ್ಲಾಸಿಗೆ ಹೋದರೆ ಸಣ್ಣತಾಯಕ್ಕ ಬೈದ್ಲು: "ಮಂಕೇ! ಮಣ್ಣನ್ನ ಹಿಸುಕಬಾರದು. ಮೆತ್ತಗೆ ಸವರು. ಕೈ ಬಿಸಿಗೆ ಮಣ್ಣು ಒಣಗ್ತೈತೆ. ಬಿಸಿ ಏರೋಕೆ ಬಿಡಬೇಡ, ನೀರು ಚಿಮುಕಿಸ್ತಾ ಇರು!"

"ಆಯ್ತಕ್ಕಾ, ಚಿಮುಕಿಸ್ತೀನಿ."

ಚಿಮುಕಿಸಿದ, ಸವರಿದ. ಒಂದು ಸೊಟ್ಟ ಕುಡಿಕೆ ಎದ್ದಿತು ನೋಡಿ! ಅದು ಒಣಗಿದ ಮೇಲೆ ಎಲ್ಲರ ಮಡಕೆ ಜೊತೆ ಆವಿಗೇಲಿ ಇಟ್ಟು ಬೆಂಕಿ ಹಾಕಿದ್ರು. "ಒಂದು ಗಳಿಗೆ ನೋಡ್ಕೋತಿರು," ಅಂತ ಸಣ್ಣತಾಯಕ್ಕ ಉಣ್ಣೋಕೆ ಹೋದ್ಲು. ಚಿಕ್ಕೀರ ಕೈಯಿಟ್ಟು ನೋಡಿದ. ಅಯ್ಯೋ, ಬಿಸಿ ಏರ್ತಾ ಐತೆ! ಕೊಡ ತಂದ, ಚಿಮುಕಿಸಿದ. ಚುಂಯ್! ಪಟಾರ್! ಪಟಾರ್!

ಅಷ್ಟೂ ಮಡಕೆ ಬಿರಿದವು. ಮೂಲೇಲಿದ್ದ ಸೊಟ್ಟ ಕುಡಿಕೆ ಒಂದೇ ಉಳೀತು.

ಸಣ್ಣತಾಯಕ್ಕನಿಗೆ ಅಳೂನೂ ಬಂತು, ಸಿಟ್ಟೂ ಬಂತು. "ತಗೊಂಡು ಹೋಗು! ಇನ್ನೊಂದು ಮಾತು ಕೇಳು. ಮಡಕೆ ಕಣ್ಣಿಗೆ ಚೆನ್ನಾಗಿ ಕಂಡಿತು ಅಂತ ನಂಬಬೇಡ. ತಟ್ಟಿ ನೋಡು. ಠಣ್ ಅಂದ್ರೆ ಗಟ್ಟಿ. ಡಬ್ ಅಂದ್ರೆ ಒಳಗೆ ಬಿರುಕು, ಆಚೆಗೆ ಹಾಕು!"

"ಆಯ್ತಕ್ಕಾ, ತಟ್ಟಿ ನೋಡ್ತೀನಿ."

ಶುಕ್ರವಾರ ಮಂಚೇಗೌಡ ಮಗಳ ಜೊತೆ ಬಂದ. ಸೊಟ್ಟ ಕುಡಿಕೇಲಿ ನೀರು ಕುಡಿದ. ಒಂದು ತೊಟ್ಟೂ ಸೋರಲಿಲ್ಲ! "ಭೇಷ್! ನಮಗೆ ಒಪ್ಪಿಗೆ," ಅಂದ. ಹುಡುಗೀನೂ ತಲೆ ತಗ್ಗಿಸಿ ನಕ್ಕಳು. ಹೊಂಬಾಳಮ್ಮನ ಕಣ್ಣಲ್ಲಿ ನೀರು ಬಂತು. ಆದ್ರೆ ಹುಟ್ಟುಗುಣ ಬಿಡಬೇಕಲ್ಲ! ಮಗನ ಕಿವೀಲಿ ಉಸುರಿದ್ಲು: "ಇಷ್ಟು ಬೇಗ ಒಪ್ಕೊಂಡ್ರಲ್ಲೋ! ನೋಡೋಕೇನೋ ಒಳ್ಳೆಯೋರ ಥರ ಕಾಣ್ತಾರೆ..."

ಚೆನ್ನಾಗಿ ಕಂಡಿತು ಅಂತ ನಂಬಬೇಡ! ಚಿಕ್ಕೀರ ಎದ್ದ. ಮಂಚೇಗೌಡನ ಬೋಳುತಲೆ ಮೇಲೆ ಬೆರಳು ಮಡಿಸಿ ತಟ್ಟಿದ. ಡಬ್!

"ಅಮ್ಮಾ! ಇವರ ಒಳಗೆ ಬಿರುಕೈತೆ! ಆಚೆಗೆ ಹಾಕ್ಲಾ?"

ಹಾಕೋದೇನು, ಅವರೇ ಹೋದ್ರು. ಹುಡುಗಿ ಒಂದ್ಸಲ ಹಿಂತಿರುಗಿ ನೋಡಿದ್ಲು, ಅಷ್ಟೇ.

"ಅಯ್ಯೋ ನನ್ನ ಹಣೇಬರಹವೇ!" ಹೊಂಬಾಳಮ್ಮ ಹಣೆ ಚಚ್ಚಿಕೊಂಡ್ಲು. ಡಬ್! ಡಬ್!

ಚಿಕ್ಕೀರ ಹೌಹಾರಿದ. "ಅಯ್ಯಯ್ಯೋ, ನಿಂದೂ ಬಿರುಕಾ!"

ಮೆತ್ತಗೆ ತನ್ನ ತಲೇನೂ ತಟ್ಟಿ ನೋಡಿದ. ಠಣ್!

"ಅಳಬೇಡಮ್ಮಾ," ಅಂದ, "ನಂದೊಂದು ಗಟ್ಟಿ ಐತೆ!"